ಎರಡನೆಯ ಸೋಲೋ

ಮತ್ತಿಕೆರೆಯಲ್ಲಿ ಚಿಕ್ಕಹನುಮಯ್ಯನ ಹಾಡನ್ನು ಕೇಳದವರು ಯಾರೂ ಇರಲಿಲ್ಲ. ಪೂರ್ತಿ ಕೇಳಿದವರೂ ಯಾರೂ ಇರಲಿಲ್ಲ.

ಇದಕ್ಕೆ ಕಾರಣ ಮುನಿನಾರಾಯಣಪ್ಪನ ಟೆಂಟ್ ಸಿನಿಮಾ. ಕೆರೆ ಏರಿಯ ಕೆಳಗೆ ಟೆಂಟು, ಟೆಂಟಿನ ಮುಂದೊಂದು ಬಿದಿರಿನ ಗಳು, ಅದರ ತುದಿಯಲ್ಲಿ ಊರಿನ ಕಡೆ ಬಾಯಿ ತೆರೆದ ಹಾರ್ನು. ಸಂಜೆ ಆರಕ್ಕೆ ಆ ಹಾರ್ನಿನಲ್ಲಿ ಚಿಕ್ಕಹನುಮಯ್ಯನ ಗ್ರಾಮಾಫೋನ್ ಪ್ಲೇಟು 'ಬಾರಯ್ಯ, ಕದ ತೆಗೆದೈತೆ' ಎಂದು ಶುರುವಾದರೆ ಟಿಕೆಟ್ಟಿನ ಕಿಂಡಿ ತೆರೆಯಿತು ಎಂದರ್ಥ. ಅವನು ಅದನ್ನು ಬರೆದದ್ದು, ರಾಗ ಕಟ್ಟಿದ್ದು, ಹಾಡಿದ್ದು ದೇವರನ್ನು ಮನೆಗೆ ಕರೆಯಲು. ದೇವರು ಬಂದನೋ ಇಲ್ಲವೋ, ಜನ ಮಾತ್ರ ಟವೆಲ್ಲು ಹೆಗಲಿಗೆಸೆದುಕೊಂಡು ಓಡಿ ಬರುತ್ತಿದ್ದರು. ಎರಡನೆಯ ಸಾಲಿನ ಹೊತ್ತಿಗೆ ಕ್ಯೂನಲ್ಲಿ ಮೊಣಕೈ ತಿವಿತ, ಚರಣದ ಹೊತ್ತಿಗೆ ನೆಲದ ಟಿಕೆಟ್ಟು ಮುಗಿದು ಬೈಗುಳ. ಏಳು ವರ್ಷ ಹೀಗೇ ನಡೆಯಿತು. ಒಮ್ಮೆ ಅರಳೀಕಟ್ಟೆಯಲ್ಲಿ ಕೂತಿದ್ದವರನ್ನು ಅವನೇ ಕೇಳಿದ:

"ಕದ ತೆಗೆದೈತೆ ಅಂದ್ಮೇಲೆ ಮುಂದಕ್ಕೇನೈತೆ ಯೋಳ್ರಪ್ಪ."

"ಮುಂದಕ್ಕೆ ನ್ಯೂಸ್ ರೀಲು," ಅಂದರು.

ಹೊಟ್ಟೆಪಾಡಿಗೆ ಅವನದು ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಎಣಿಸುವ ಕೆಲಸ. ವ್ಯಾಗನ್ನಿನಿಂದ ಮೂಟೆ ಇಳಿಯುತ್ತಿದ್ದಂತೆ ಗಟ್ಟಿಯಾಗಿ ಕೂಗಿ ಲೆಕ್ಕ ಹೇಳಬೇಕು. ಗುಮಾಸ್ತ ಸರ್ದಾರ್ ಬರೆದುಕೊಳ್ಳುತ್ತಾನೆ. ಎಣಿಕೆಯಲ್ಲಿ ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ. ಶುಭಕ್ಕೆಂದು 'ಲಾಭ' ಎನ್ನಬೇಕು. ಲಾಭ, ಎರಡು, ಮೂರು. ಚಿಕ್ಕಹನುಮಯ್ಯ ಆ 'ಲಾಭ'ವನ್ನು ಎಳೆದು, ಎತ್ತಿ, ಕೊನೆಗೆ ಒಂದು ಸಣ್ಣ ಬಳುಕು ಕೊಟ್ಟು ಇಳಿಸುತ್ತಿದ್ದ. ೧೯೫೪ರಲ್ಲಿ ರೈಲಿಗೆ ಕಾಯುತ್ತಿದ್ದ ಮದರಾಸಿನ ಪ್ಲೇಟ್ ಕಂಪನಿಯ ಏಜೆಂಟನೊಬ್ಬ ಆ ಬಳುಕಿಗೆ ಮರುಳಾಗಿ ಅವನನ್ನು ಕರೆದುಕೊಂಡು ಹೋಗಿ ಮೊದಲ ಪ್ಲೇಟು ಮಾಡಿಸಿದ್ದು. ಅದರ ಲಾಭವೆಲ್ಲ ಕಂಪನಿಗೇ ಉಳಿಯಿತು, ಬಳುಕು ಇವನಿಗೆ.

ಮಗಳು ಗಂಗರತ್ನ ಎಣಿಕೆ ಕಲಿತದ್ದು ಅಪ್ಪನಿಗೆ ಬುತ್ತಿ ಕೊಡಲು ಅಮ್ಮನ ಜೊತೆ ಶೆಡ್ಡಿಗೆ ಬಂದಾಗ. ಹಾಗಾಗಿ ಶಾಲೆಯಲ್ಲಿ ಮೇಷ್ಟ್ರು ಒಂದು ತೋರಿಸಿದರೆ ಅವಳು 'ಲಾಭ' ಅನ್ನುತ್ತಿದ್ದಳು. ಎಷ್ಟು ಮಕ್ಕಳಮ್ಮ ನಿಮ್ಮನೇಲಿ ಎಂದು ಯಾರು ಕೇಳಿದರೂ ತನ್ನ ಎದೆಗೆ ಬೆರಳಿಟ್ಟು ಅದೇ ಉತ್ತರ: "ಲಾಭ." ಆರು ತುಂಬಿ ಏಳಕ್ಕೆ ಬಿದ್ದ ವರ್ಷ ಊರಿಗೆ ವಾಂತಿಭೇದಿ ಬಂತು. ಎರಡು ದಿನ. ಅಷ್ಟೇ.

ಆಮೇಲೆ ತಾಯಿ ಸೊಣ್ಣಮ್ಮ ಮಗಳ ಲಂಗ, ಬಳಪ, ರಿಬ್ಬನ್ನು ಗಂಟು ಕಟ್ಟಿ ಎಲ್ಲಿಟ್ಟಳೋ ಗಂಡನಿಗೆ ಗೊತ್ತಾಗಲಿಲ್ಲ. ಹೆಸರನ್ನೂ ಅದರೊಳಗೇ ಕಟ್ಟಿರಬೇಕು. ನಾಲ್ಕು ವರ್ಷ ಅದು ಅವಳ ಬಾಯಿಂದ ಹೊರಬೀಳಲಿಲ್ಲ. ಮೊದಲೆಲ್ಲ ರಾಗಿ ಅಳೆಯುವಾಗ ಅವಳೂ 'ಲಾಭ' ಎಂದೇ ಶುರುಮಾಡುತ್ತಿದ್ದಳು. ಈಗ ತುಟಿ ಬಿಗಿಹಿಡಿದು ಅಳೆಯುತ್ತಿದ್ದಳು. ಶೆಡ್ಡಿನಲ್ಲಿ ಮಾತ್ರ ಚಿಕ್ಕಹನುಮಯ್ಯನಿಗೆ ಆ ಅನುಕೂಲ ಇರಲಿಲ್ಲ. ದಿನಕ್ಕೆ ಐದು ವ್ಯಾಗನ್ ಬಂದರೆ ಐದು ಸಲ 'ಲಾಭ'.

ಹೀಗೆ ಕೂಗಿ ಕೂಗಿಯೇ ಅವನೊಳಗೆ ಹಾಡು ಕಟ್ಟಿತು.

'ಲಾಭ ಅಂತ ಎಣಿಸಿಕೊಂಡೆ ನಿನ್ನ,
ಎರಡು ಅನ್ನಾಕೆ ಬಾಯಿಲ್ಲ ಕಂದ.'

ಮನೆಯಲ್ಲಿ ಒಂದೆರಡು ಸಲ ಗುನುಗಿ ನೋಡಿದ. ಸೊಣ್ಣಮ್ಮ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೊರಟುಬಿಟ್ಟಳು. ಮೂರನೆಯ ಸಲವೂ ಹಾಗೇ. ಅಷ್ಟೊಂದು ನೀರು ಆ ಮನೆಗೆ ಬೇಕಿರಲಿಲ್ಲ. ಎದುರು ಕೂತು ಹಾಡಿದರೆ ಎದ್ದು ಹೋಗುತ್ತಾಳೆ. ಹಾರ್ನಿನಿಂದ ಎದ್ದು ಹೋಗುವುದೆಲ್ಲಿಗೆ? ಬಾವಿಗೂ ಕೇಳಿಸುತ್ತದೆ, ಹಿತ್ತಲಿಗೂ ಕೇಳಿಸುತ್ತದೆ. ಊರು ಕೇಳದಿದ್ದರೆ ಹಾಳಾಗಲಿ, ಅವಳೊಬ್ಬಳು ಕೊನೆಯತನಕ ಕೇಳಿದರೆ ಸಾಕು, ಆಮೇಲೆ ಇಬ್ಬರೂ ಒಂದೇ ಮೂಲೆಯಲ್ಲಿ ಕೂತು ಅಳಬಹುದು ಎಂದು ಅವನ ಆಸೆ. ಎರಡನೆಯ ಪ್ಲೇಟಿನ ಹುಚ್ಚು ಹಿಡಿದದ್ದು ಹೀಗೆ.

ಕಂಪನಿಯವರು ಸಾವಿನ ಹಾಡು ಯಾರಿಗೆ ಬೇಕು ಎಂದರು. ಅವನು ಹಟ್ಟಿಯಲ್ಲಿದ್ದ ಎರಡು ಹಸು ಮಾರಿ ಸ್ವಂತ ಖರ್ಚಿನಲ್ಲೇ ಮಾಡಿಸಿದ. ೧೯೬೧ರ ಮಾಘದಲ್ಲಿ ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಇಪ್ಪತ್ತೈದು ಪ್ಲೇಟು ಬಂದಿಳಿದವು. ಮೊದಲ ಪ್ಲೇಟಿನ ನಡುವೆ ಅಂಟಿಸಿದ್ದ ಚೀಟಿ ಇಂಗ್ಲಿಷಿನಲ್ಲಿದ್ದುದರಿಂದ ಯಾರೂ ಓದಿರಲಿಲ್ಲ. ಈ ಸಲ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದಿದ್ದ. ಮದರಾಸಿನ ಅಚ್ಚುಮೊಳೆ ಜೋಡಿಸುವವನು, 'ಒಬ್ಬನೇ ಹಾಡಿದ್ದು' ಎಂಬುದಕ್ಕೆ ಇಂಗ್ಲಿಷಿನಲ್ಲಿದ್ದ ಮಾತನ್ನು ಹಾಗೇ ಕನ್ನಡ ಅಕ್ಷರಕ್ಕಿಳಿಸಿದ್ದ. ಸೊಣ್ಣಮ್ಮನ ತಮ್ಮ ಮುನಿಗಂಗಪ್ಪ, ಲೋವರ್ ಸೆಕೆಂಡರಿವರೆಗೆ ಓದಿದವನು, ಚೀಟಿಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ:

"ಚಿಕ್ಕಹನುಮಯ್ಯ, ಮತ್ತಿಕೆರೆ. ಸೋಲೋ."

ಇನ್ನೊಮ್ಮೆ ಬೆರಳಿಟ್ಟು ಓದಿದ. "ಬಾವಾ, ಇದ್ಯಾಕೆ ಇಂಗೆ ಬರ್ದವ್ರೆ? ಬಾರೋ, ಓಗೋ ಅಂದಂಗೆ ಸೋಲೋ ಅಂತವ್ರಲ್ಲ. ದುಡ್ಡೂ ಇಸ್ಕೊಂಡು ಶಾಪಾನೂ ಆಕವ್ರೆ."

"ಒಬ್ನೇ ಆಡಿದ್ರೆ ಅಂಗೇ ಬರೀತಾರಂತೆ ಕಣೋ."

"ಒಬ್ನೇ ಆಡಿದ್ರೆ ಸೋಲಲ್ವಾ ಮತ್ತೆ? ಜತೇಗೆ ಯಾರಾನ ಬೇಕು."

'ಹ' ನುಂಗುವ ಊರಿನಲ್ಲಿ ಹಾಡುವುದೂ ಆಡುವುದೂ ಒಂದೇ. ಚಿಕ್ಕಹನುಮಯ್ಯ ಪ್ಲೇಟನ್ನು ಭಾವಮೈದುನನ ಕೈಯಿಂದ ಇಸಿದುಕೊಂಡ. ಸೊಣ್ಣಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ. ಅದರಲ್ಲೇನಿದೆ ಎಂದು ಕೇಳಲೂ ಇಲ್ಲ.

ಮುನಿನಾರಾಯಣಪ್ಪ ಸುಲಭಕ್ಕೆ ಒಪ್ಪಲಿಲ್ಲ.

"ಅಲ್ಲ ಕಣಯ್ಯ, ನಿನ್ನ ಆಡು ಆಕಿದ್ರೆ ಜನ ಓಡ್‌ಬತ್ತಾರೆ. ಇನ್ಯಾವ್ದೋ ಯಾಕೆ?"

"ಇದೂ ನಂದೇ ಆಡಲ್ವೇನಣ್ಣ?"

"ನಿಂದೇ ಇರ್ಬೋದು. ಆದ್ರೆ ಅದು ನನ್ನ ಆಡು ಆಗೋಗದೆ, ಏಳು ವರ್ಷದಿಂದ. ನಿನ್ನ ಎರಡನೇ ಪ್ಲೇಟು ಇಡ್ಲಿ ಓಟ್ಲಲ್ಲಿ ಕೇಳು."

ತಿಂಗಳೆಲ್ಲ ದಿನವೂ ಹೋಗಿ ನಿಂತ ಮೇಲೆ, ಒಂದು ಬುಧವಾರ, ಹಳೆಯ ಸಿನಿಮಾ, ಹೇಗೂ ಜನ ಕಡಿಮೆ ಎಂದು ಒಪ್ಪಿಕೊಂಡ. ಒಂದೇ ಸಲ, ಒಂದೇ ಮಗ್ಗುಲು.

ಆರು ಗಂಟೆ. ಮುಳ್ಳು ಪ್ಲೇಟಿನ ಮೇಲೆ ಕೂತಿತು. ಹಾರ್ನಿನೊಳಗಿಂದ ತನ್ನದೇ ದನಿ ಏರಿಯ ಮೇಲೆ ಹಾಯ್ದು ಊರೊಳಕ್ಕೆ ಹೋದದ್ದನ್ನು ಚಿಕ್ಕಹನುಮಯ್ಯ ಗಳುವಿನ ಬುಡದಲ್ಲಿ ನಿಂತು ಕೇಳಿದ. ಊರಿಂದ ಒಬ್ಬನೂ ಬರಲಿಲ್ಲ. ಓಣಿಯ ಬಾಯಲ್ಲಿ ಟವೆಲ್ಲು ಹಾಕಿಕೊಂಡವರು ಸಾಲಾಗಿ ನಿಂತಿದ್ದರು, ತಮ್ಮ ಹಾಡಿಗೆ ಕಾಯುತ್ತ.

"ಯಾರ್ ಓಗ್ಬುಟ್ರಂತೆ?" ಎಂದು ಒಬ್ಬ ದೂರದಿಂದ ಕೂಗಿ ಕೇಳಿದ.

"ಯಾರೂ ಇಲ್ಲ ಬಾರಯ್ಯ, ಟಿಕೆಟ್ ಕೊಡ್ತಾವ್ರೆ," ಎಂದು ಮುನಿನಾರಾಯಣಪ್ಪ ಕೈಬೀಸಿದ. ಯಾರೂ ಕದಲಲಿಲ್ಲ. ಮೂರು ನಿಮಿಷ ಮುಗಿದು ಮುಳ್ಳು ಗರಗರ ಎಂದಿತು. ಮುನಿನಾರಾಯಣಪ್ಪ ಹಳೆಯ ಪ್ಲೇಟು ಇಟ್ಟ. 'ಬಾರಯ್ಯ' ಎಂದದ್ದೇ ತಡ, ಓಣಿ ಕಟ್ಟೆಯೊಡೆದಂತೆ ಹರಿಯಿತು. ಆ ಪ್ರವಾಹಕ್ಕೆ ಎದುರಾಗಿ, ಬರುವವರ ಭುಜ ಎದೆಗೆ ತಾಗಿಸಿಕೊಂಡು, ಮನೆಯ ಕಡೆ ಓಡುತ್ತಿದ್ದವನು ಹಾಡುಗಾರನೊಬ್ಬನೇ. ಅಪ್ಪಟ ಸೋಲೋ.

ಸೊಣ್ಣಮ್ಮ ಬಾಗಿಲಲ್ಲಿ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಏಳು ವರ್ಷದಿಂದ ಅವಳು ಮುದ್ದೆಗೆ ಎಸರಿಡುತ್ತಿದ್ದದ್ದೂ ಆ 'ಬಾರಯ್ಯ'ಕ್ಕೇ. ಪಕ್ಕದಲ್ಲಿ ಖಾಲಿ ಬಿಂದಿಗೆ. ಬಾವಿಗೆ ಹೊರಟವಳು ಹೊಸಿಲಲ್ಲೇ ಕೂತುಬಿಟ್ಟಂತಿತ್ತು.

"ಕೇಳ್ದ್ಯಾ?" ಎಂದ ಏದುಸಿರಿನಲ್ಲಿ.

"ಕೇಳ್ದೆ."

"ಎಷ್ಟು ಕೇಳ್ದೆ?"

"ಪೂರ್ತಿ." ಅವಳು ಬಿಂದಿಗೆಯ ಕಂಠವನ್ನು ಸೆರಗಿನಿಂದ ಒರೆಸಿದಳು, ಅದು ಒಣಗಿಯೇ ಇದ್ದರೂ. "ಮಗೀನ ಮಾತ ಅಂಗೇ ತಗ್ದು ಇಟ್ಟಿದೀಯ. ಒಂದಕ್ಷರ ತಪ್ಪಿಲ್ಲ."

ಅವನು ಅವಳ ಪಕ್ಕದಲ್ಲಿ ಕೂರಲು ಬಗ್ಗಿದ. ಅವಳು ಬಿಂದಿಗೆಯನ್ನು ತನ್ನ ಇನ್ನೊಂದು ಪಕ್ಕದಿಂದ ಎತ್ತಿ ಇಬ್ಬರ ನಡುವೆ ಇಟ್ಟಳು.

"ಊರ್ಗೆಲ್ಲ ಕೂಗ್ಬುಟ್ಟೆ. ನಂತಾವ ಇದ್ದದ್ದು ಅದೊಂದೇಯ. ನಾನು ಬಾಯ್ಬುಟ್ರೆ ಎಲ್ಲಿ ಖರ್ಚಾಗೋಗ್ತದೋ ಅಂತ ಇಟ್ಕಂಡಿದ್ದೆ." ಬಿಂದಿಗೆಯ ಮೇಲೆ ಕೈಯಿಟ್ಟು, "ಇನ್ನೊಂದ್ ಸಲ ಆಕಿಸ್‌ಬ್ಯಾಡ," ಎಂದಳು.

ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅಳಲಿಲ್ಲ. ಅವನಿಗೂ ಒಬ್ಬನೇ ಅಳಲು ನಾಚಿಕೆಯಾಯಿತು.

ಪ್ಲೇಟುಗಳು ಪೆಟ್ಟಿಗೆ ಸಮೇತ ಅಟ್ಟಕ್ಕೆ ಹೋದವು. ಯಾರಾದರೂ ಕೇಳಿದರೆ ಕೊಡಬೇಕಾದೀತೆಂಬ ಭಯವಿರಲಿಲ್ಲ, ಯಾರೂ ಕೇಳಲಿಲ್ಲ. ಗುರುವಾರ ಸಂಜೆ ಎಂದಿನಂತೆ ಕದ ತೆಗೆಯಿತು, ಜನ ಓಡಿದರು, ಸೊಣ್ಣಮ್ಮ ಎಸರಿಟ್ಟಳು.

ಅಂದು ಬೆಳಿಗ್ಗೆ ಶೆಡ್ಡಿನಲ್ಲಿ ಮಾತ್ರ ಸ್ವಲ್ಪ ತೊಡಕಾಗಿತ್ತು. ಮೊದಲ ಮೂಟೆ ಹಮಾಲಿಯ ಬೆನ್ನ ಮೇಲೆ ಬಂದು ನಿಂತಿತ್ತು. ಚಿಕ್ಕಹನುಮಯ್ಯನ ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ. ಸರ್ದಾರ್ ಪೆನ್ಸಿಲ್ಲು ಹಿಡಿದು ಕಾದ.

"ಏನಪ್ಪಾ, ಗಂಟಲು ಕಟ್ಟೈತಾ? ಒಂದು ಅಂತ ಬರ್ಕೊಳ್ಲಾ?"

"ಬ್ಯಾಡ ಸಾಬ್ರೇ."

"ಹಂಗಾದ್ರೆ ಹೇಳು. ಬೆನ್ನ ಮೇಲೆ ಮೂಟೆ ಐತೆ ಆ ಮನುಷ್ಯಂಗೆ."

"ಲಾಭ," ಎಂದ ಚಿಕ್ಕಹನುಮಯ್ಯ. ಎಳೆಯಲಿಲ್ಲ, ಬಳುಕಿಸಲಿಲ್ಲ. ಹಮಾಲಿ ಮುಂದಕ್ಕೆ ಹೋದ, ಎರಡನೆಯ ಮೂಟೆ ಬಂತು.