ತಳ ಇದೆ ಎನ್ನುವ ಮೇಷ್ಟ್ರು
ಆಕಾಶದಲ್ಲಿ ಬೆಳಕನ್ನೂ ಬಿಡದೆ ನುಂಗುವ ಕಪ್ಪು ಕುಳಿ ಎಂಬುದೇ ಇಲ್ಲವೆಂದು ಹಟ ಹಿಡಿದ ಮೇಷ್ಟ್ರೊಬ್ಬರು ಪ್ರತಿ ಕಾಲೇಜಿನಲ್ಲೂ ಇರುತ್ತಾರೆ. ನಮ್ಮ ಮೇಷ್ಟ್ರಂತೂ ಕ್ಷೌರಕ್ಕೆ ಕೂತರೂ ಬಾಯಿ ಮುಚ್ಚುವವರಲ್ಲ. “ಅದು ಕುಳಿಯಲ್ಲ ಕಣಯ್ಯಾ, ಗಟ್ಟಿ ಗೋಳ. ಬಿದ್ದದ್ದು ಮಾಯವಾಗಲ್ಲ, ಅದರ ಮೇಲೇ ಇರುತ್ತೆ. ಗುರುತ್ವದ ಸೂತ್ರ ತಿದ್ದಬೇಕು, ಅಷ್ಟೇ!” “ಅಲ್ಲಾಡಬೇಡಿ ಸಾರ್, ನಿಮ್ಮ ಕಿವಿ ಮಾಯವಾದೀತು,” ಎನ್ನುತ್ತಾನೆ ಕ್ಷೌರಿಕ. ವಿಜ್ಞಾನ ಪತ್ರಿಕೆಯವರು ಲೇಖನ ಹಿಂದಿರುಗಿಸಿದಾಗಲೆಲ್ಲ ಮೇಷ್ಟ್ರು ಸೂತ್ರಕ್ಕೆ ಇನ್ನೊಂದು ತೇಪೆ ಹಾಕಿ ಮತ್ತೆ ಕಳಿಸುತ್ತಾರೆ. ಈಗ ಕೂತು ಕೇಳುವವರು ಹೆಂಡತಿಯೊಬ್ಬರೇ. ಅದೇ ಕಾಲೇಜಿನಲ್ಲಿ ಅದೇ ಭೌತಶಾಸ್ತ್ರದ ಪಾಠ ಹೇಳಿದಾಕೆ. ಮರೆವಿನ ಕಾಯಿಲೆ ಬಂದು ಗಂಡನ ಗುರುತೂ ಹೋಗಿದೆ. ಸಂಜೆ ಬಟಾಣಿ ಸುಲಿಯುತ್ತಾ, ಕಾಳನ್ನು ತಟ್ಟೆಗೆ ಬೀಳಿಸಿ ತೋರಿಸುತ್ತಾ, ಮೇಷ್ಟ್ರು ಮೊದಲಿಂದ ವಿವರಿಸುತ್ತಾರೆ. ಆಕೆ ದಿನವೂ ಅದೇ ಪ್ರಶ್ನೆ ಕೇಳುತ್ತಾರೆ: “ಗಟ್ಟಿ ನೆಲಕ್ಕೆ ಅಷ್ಟು ಜೋರಾಗಿ ಬಡಿದರೆ ಕಾದು ಹೊಳೀಬೇಕಲ್ಲ? ಎಲ್ಲಿ ಸಾರ್ ಆ ಬೆಳಕು?” ಮೇಷ್ಟ್ರು ತಟ್ಟೆಯ ಕಾಳನ್ನು ಬೆರಳಲ್ಲಿ ಹೊರಳಿಸುತ್ತಾರೆ. ಇಷ್ಟು ವರ್ಷವೂ ಆಕೆಗೆ ಈ ಪ್ರಶ್ನೆ ಗೊತ್ತಿತ್ತು, ಗಂಡನ ಮನಸ್ಸು ಮುರಿಯಬಾರದೆಂದು ನುಂಗಿಕೊಂಡಿದ್ದರು ಎಂಬುದು ಮೇಷ್ಟ್ರಿಗೆ ಈಗ ತಿಳಿದಿದೆ. ಆ ದರಿದ್ರ ಕಾಯಿಲೆ ಪಾಠವನ್ನು ಉಳಿಸಿ ದಾಕ್ಷಿಣ್ಯವನ್ನು ತಿಂದುಹಾಕಿದೆ. “ನಾಳೆ ಹೇಳ್ತೀನಿ ಕಣೇ” ಎನ್ನಲು ಬಾಯಿ ತೆರೆದವರು, ಯಾರೋ ಪರಗಂಡಸು ಸಲಿಗೆ ತೋರಿದನೆಂದು ಆಕೆ ಹೆದರಿಯಾರೆಂದು, “ನಾಳೆ ಹೇಳ್ತೀನಿ ಮೇಡಂ” ಎನ್ನುತ್ತಾರೆ.