ಜಹಾಜಿನ ಸಂಗೀತ

ಆಗೆಲ್ಲ ಮಾವಿನಕುರ್ವೆಯಲ್ಲಿ ಮಳೆಗಾಲವೆಂದರೆ ಅಪ್ಪಂದಿರ ಕಾಲ. ಬೋಟುಗಳು ದಡ ಹತ್ತಿದೊಡನೆ ಎಲ್ಲರ ಅಪ್ಪಂದಿರೂ ಮನೆ ಸೇರುತ್ತಿದ್ದರು. ಬಲೆ ಹೊಲಿಯುತ್ತ, ಸುಟ್ಟ ಒಣಮೀನಿನ ವಾಸನೆಯಲ್ಲಿ ಕೇರಂ ಆಡುತ್ತ ಮಕ್ಕಳ ಕಿವಿ ಹಿಂಡುತ್ತಿದ್ದರು. ನನ್ನ ಕಿವಿ ಹಿಂಡುವವರು ಇರಲಿಲ್ಲ. ಅಪ್ಪ ಇದ್ದದ್ದು ಮುಂಬಯಿಯ ಸರಕು ಹಡಗಿನಲ್ಲಿ. ಹಡಗಿಗೆ ಮಳೆಗಾಲದ ರಜೆ ಇಲ್ಲ. ಎರಡು ವರ್ಷದಿಂದ ಅವನು ಬಂದಿರಲಿಲ್ಲ.

ನನಗೆ ಒಂಬತ್ತಾದ ವರ್ಷ ಪಕ್ಕದ ಮನೆಗೆ ಇನಾಸ ಮಾಮ ಬಂದರು. ಗೋವೆಯ ಹೋಟೆಲಿನಲ್ಲಿ ಸ್ಯಾಕ್ಸೊಫೋನ್ ಊದುವವರು. ಮಳೆಗೆ ಪ್ರವಾಸಿಗಳಿಲ್ಲವೆಂದು ತಂಗಿಯ ಮನೆಗೆ ಬಂದಿದ್ದರು. ಊದುವುದು ಕೇಳಿ ಬೇಲಿ ಹಾರಿ ಹೋದೆ.

“ಇದು ಎಂತ ಮಾಮ?”

“ಜಾಜ್.”

ನನಗೆ ಕೇಳಿದ್ದು ಜಹಾಜ್. ಭಟ್ಕಳದಿಂದ ಬಟ್ಟೆ ಮಾರಲು ಬರುವವರು ಹಡಗಿಗೆ ಹಾಗೆಯೇ ಅನ್ನುತ್ತಿದ್ದರಲ್ಲ! ಇದು ಹಡಗಿನವರ ಸಂಗೀತ, ಅಪ್ಪನಿಗೆ ಗೊತ್ತಿರಲೇಬೇಕು ಎಂದುಕೊಂಡೆ. “ಹಂಗಾರೆ ಅಪ್ಪನ ಜಹಾಜಿಗೂ ಕೇಳ್ತದಾ?” ಎಂದೆ. ಮಾಮ ತಿದ್ದಲಿಲ್ಲ. “ನೀನೂ ಹಾಡು, ಕೇಳ್ಲಿ” ಎಂದರು.

ನನಗೆ ಬರುತ್ತಿದ್ದದ್ದು ಹೊನ್ನಾವರದ ಸಂಗೀತ ಕ್ಲಾಸಿನ ಭೂಪಾಲಿ ರಾಗ ಒಂದೇ. ಅದರಲ್ಲೇ ಕಥೆ ಕಟ್ಟಿದೆವು. ನಾನು ದಡ, ಅವರು ಹಡಗು. ನಾನು ಹಾಡಿ ಕರೆಯಬೇಕು. ಅವರು ಊದುತ್ತ ದಿಕ್ಕು ತಪ್ಪಿ, ಅಲೆದು, ಕೊನೆಗೆ ನನ್ನ ‘ಸ’ಕ್ಕೆ, ಷಡ್ಜಕ್ಕೆ, ಬಂದು ನಿಲ್ಲಬೇಕು. ನಿಂತರೆ ಅಪ್ಪ ಬಂದ ಹಾಗೆ.

“ಮಾಮ, ಮಧ್ಯಮ ಬಂತು! ಭೂಪಾಲಿಗೆ ಮಧ್ಯಮ ಇಲ್ಲ,” ಎಂದು ಗದರುತ್ತಿದ್ದೆ.

“ದಡಕ್ಕೆ ಇಲ್ಲ. ಸಮುದ್ರಕ್ಕೆ ಎಲ್ಲಾ ಅದೆ.”

ಎಷ್ಟು ಅಲೆದರೂ ಹಡಗು ದಿನಾ ದಡ ಮುಟ್ಟುತ್ತಿತ್ತು. ಆಮೇಲೆ ಇಬ್ಬರೂ ಕೂತು ಹಲಸಿನ ಹಪ್ಪಳ ಮುರಿದು ತಿನ್ನುತ್ತಿದ್ದೆವು.

ಮಾಮ ಗೋವೆಗೆ ಹೊರಡುವ ಹಿಂದಿನ ಸಂಜೆ ಅಮ್ಮನೂ ಬಂದು ಜಗಲಿಯಲ್ಲಿ ಕೂತಳು. ಅವತ್ತು ಅವರು ಬಹಳ ಹೊತ್ತು ಊದಿದರು. ರಿಷಭದವರೆಗೆ ಬಂದರು, ದಡಕ್ಕೆ ಇನ್ನೊಂದೇ ಸ್ವರ. ನಾನು ಷಡ್ಜ ಹಿಡಿದು ಕಾದೆ. ಅವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡರು.

“ಮುಗಿಸಿ ಮಾಮ!”

“ಇನ್ನು ಸುಳ್ಳು ಊದೂಕೆ ಆಗುದಿಲ್ಲ ಮಗಾ.”

ಅಮ್ಮ ನನ್ನ ಕೈ ಹಿಡಿದಳು. “ಅಪ್ಪ ಬರುದಿಲ್ಲ. ಮುಂಬಯಿಲೇ ಬೇರೆ ಸಂಸಾರ ಮಾಡ್ಕಂಡಾನೆ. ಇವ್ರಿಗೆ ಇವತ್ತು ನಾನೇ ಹೇಳ್ದೆ. ನಿಂಗೆ ಹೇಳೂಕೆ ಬಾಯಿ ಬರ್ಲಿಲ್ಲ.”

ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ಮಾಮನ ಮೇಲೆ. ಮುಂಗೋಪಿ ನಾನು, ಈಗಲೂ ಹಾಗೇ. ಒಂದು ಸ್ವರ ಊದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮರುದಿನ ಬೆಳಿಗ್ಗೆ ಅವರು ಚೀಲ ಹಿಡಿದು ಬೇಲಿಯ ಬಳಿ ನಿಂತು ಎರಡು ಸಲ ನನ್ನ ಹೆಸರು ಕೂಗಿದರು. ನಾನು ಕಂಬಳಿ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಮುಂದಿನ ಮಳೆಗಾಲಕ್ಕೆ ಅವರು ಬರಲಿಲ್ಲ. ಅವರ ತಂಗಿಯೂ ಮನೆ ಮಾರಿ ಹೋದಳು.

ಈಗ ಜಾಜ್ ಮತ್ತು ಹಿಂದೂಸ್ತಾನಿ ಬೆರೆಸಿ ಕಥೆ ಹೇಳುವ ಸಂಗೀತ ಫೋನಿನಲ್ಲಿ ಬೇಕಾದಷ್ಟು ಸಿಗುತ್ತದೆ. ಒಬ್ಬಳೇ ಕೂತು ಕೇಳುತ್ತೇನೆ. ಚೆನ್ನಾಗಿಯೇ ಇರುತ್ತದೆ. ಅಪ್ಪನ ಮುಖ ಮರೆತುಹೋಗಿದೆ, ಅದಕ್ಕೆ ದುಃಖವಿಲ್ಲ. ಆದರೆ ಅವನಿಗಾಗಿ ನನ್ನ ಜೊತೆ ಕೂತು ಕಾದವರು ಈ ಲೋಕದಲ್ಲಿ ಒಬ್ಬರೇ ಇದ್ದರು. ಅವರು ಕರೆದಾಗ ನಾನು ಎದ್ದು ಹೋಗಲಿಲ್ಲ.