ಡೇರೆಯೊಳಗಿನ ಕೆಂಡ

ಟ್ಯಾಸ್ಮೇನಿಯಾದ ಸೇಬಿನ ತೋಟಗಳಲ್ಲಿ ನಾವಿಬ್ಬರು ಗೆಳತಿಯರು ಒಂದು ವರ್ಷ ಕೆಲಸ ಮಾಡಿದೆವು. ನಾನು ಜೆ.ಪಿ. ನಗರದವಳು, ಅವಳು ತ್ಯಾಗರಾಜನಗರದವಳು. ಜಯನಗರದ ಒಂದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು. ವೀಸಾ ಮುಗಿಯುತ್ತಾ ಬಂದಾಗ ಜೊತೆಯಲ್ಲಿ ಹಣ್ಣು ಕೀಳುತ್ತಿದ್ದ ಒಬ್ಬ ಹೆಂಗಸು, ಊರಿಗೆ ಹೋಗುವ ಮುಂಚೆ ನಮ್ಮ ಕೂಟಕ್ಕೆ ಬನ್ನಿ ಎಂದು ಕರೆದಳು. ಅವಳದು ಹಳೆಯ ವ್ಯಾನಿನಲ್ಲಿ ಸಂಸಾರ. ಕಾಲಿಗೆ ಚಪ್ಪಲಿ ಹಾಕಿದ್ದನ್ನು ನಾನು ನೋಡಲೇ ಇಲ್ಲ.

ಕಾಡಿನ ಮಧ್ಯೆ ಹೊಳೆಯ ದಂಡೆ. ಅಲ್ಲಿ ಹಿಪ್ಪಿಗಳು ಡೇರೆ ಹಾಕಿದ್ದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಅದೇ ಅವರಿಗೆ ದೊಡ್ಡ ಹೆಮ್ಮೆ. ನರೆತ ಜಡೆಯ ಮುದುಕನೊಬ್ಬ ಎಲ್ಲರಿಗೂ ಅಡುಗೆ ಮಾಡುತ್ತಿದ್ದ. ಬೀಡು ಕಬ್ಬಿಣದ ಹಳೆಯ ಸ್ನಾನದ ತೊಟ್ಟಿಯೊಂದನ್ನು ಕಲ್ಲುಗಳ ಮೇಲಿಟ್ಟು ಕೆಳಗೆ ಬೆಂಕಿ ಹಾಕಿದ್ದರು. ಬೇಕಾದವರು ಬಯಲಲ್ಲೇ ಬಟ್ಟೆ ಬಿಚ್ಚಿ ಅದರಲ್ಲಿ ಇಳಿಯುತ್ತಿದ್ದರು.

"ನಮ್ಮಮ್ಮ ಇಲ್ಲಿಗೆ ಬಂದಿದ್ರೆ ಒಬ್ಬೊಬ್ರಿಗೂ ಹಿಡ್ಕೊಂಡು ಸೀರೆ ಉಡಿಸಿಬಿಡ್ತಿದ್ರು," ಅಂದಳು ಗೆಳತಿ.

"ಆ ಗಡ್ಡದವರಿಗೂನಾ?"

"ಅವರಿಗೇ ಮೊದ್ಲು."

ಕೊನೆಯ ದಿನ ಮಧ್ಯಾಹ್ನ ಅವಳು ಚೀಲದ ತಳದಿಂದ ಕೊಬ್ಬರಿ ಎಣ್ಣೆ ತೆಗೆದಳು. "ಎಣ್ಣೆ ನೀರು ಹಾಕ್ಕೊಳ್ದೆ ವಿಮಾನ ಹತ್ತಲ್ಲ ಕಣೇ. ವರ್ಷದಿಂದ ತಲೆಗೆ ನೆಟ್ಟಗೆ ಬಿಸಿನೀರು ಬಿದ್ದಿಲ್ಲ." ನಾನೇ ಅವಳ ತಲೆಗೆ ಎಣ್ಣೆ ತಟ್ಟಿದೆ. ಟೀ ಶರ್ಟು, ಚಡ್ಡಿ ಹಾಕಿಕೊಂಡೇ ತೊಟ್ಟಿಗಿಳಿದು ಕಣ್ಣು ಮುಚ್ಚಿ ಕೂತಳು. ಅವಳು ಎದ್ದು ಬರುವಷ್ಟರಲ್ಲಿ ಮಳೆ ಹಿಡಿಯಿತು. ಅಲ್ಲಿನ ಮಳೆ ಚಳಿಯ ಜೊತೆಗೇ ಬರುತ್ತದೆ.

ಎಣ್ಣೆ ಸ್ನಾನವಾದ ಮೇಲೆ ಗಾಳಿಗೆ ಕೂರಬಾರದು ಎನ್ನುವುದು ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನಿಸದ ಮಾತು. ಕೋಣೆಯ ಬಾಗಿಲು ಮುಂದೆ ಮಾಡಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಆ ಹೊಗೆಯ ಮೇಲೆ ಕೂದಲು ಹರಡಿಕೊಂಡು ಕೂರಬೇಕು. ಗೆಳತಿ ಮುದುಕನ ಒಲೆಯ ಪಕ್ಕದಲ್ಲಿದ್ದ ಬಾಣಲೆಗೆ ಕೆಂಡ ತುಂಬಿಸಿಕೊಂಡು ಡೇರೆಯೊಳಗೆ ಒಯ್ದಳು. ವ್ಯಾನಿನ ಹೆಂಗಸು ಕೊಟ್ಟಿದ್ದ ಯಾವುದೋ ಮರದ ಅಂಟನ್ನು ಅದರ ಮೇಲೆ ಹಾಕಿದಳು. ನಾನು ಚಹಾ ಹಿಡಿದು ಹೋದಾಗ ತಲೆ ಬಗ್ಗಿಸಿಕೊಂಡೇ ಹೇಳಿದಳು, "ಬೇಗ ಬಾ, ಜಿಪ್ ಎಳಿ. ಶೀತ ಆಗತ್ತೆ."

ಎಳೆದೆ. ಕೆಳಗಿನ ಸಂದಿಗೆ ಅವಳು ಟವೆಲನ್ನೂ ತುರುಕಿದಳು. ನಮ್ಮ ಮನೆಯ ಬಾಗಿಲುಗಳ ಮೇಲೆ ಗಾಳಿಕಿಂಡಿ ಇರುತ್ತದೆ. ಮಳೆಗೆ ನೆನೆಯದ ಹಾಗೆ ಹೊಲಿದ ಡೇರೆಯಲ್ಲಿ ಏನಿರುತ್ತದೆ?

ಅಂಟು ಉರಿದು ಹೋಗಿ ಹೊಗೆ ನಿಂತಿತು. ಬರೀ ಕೆಂಡ ಉಳಿಯಿತು. ಒಳಗೆ ಹಿತವಾಗಿತ್ತು.

"ಊರಿಗೆ ಹೋದ ತಕ್ಷಣ ಏನ್ ತಿಂತೀಯ?" ಎಂದು ಕೇಳಿದಳು.

"ಜಯನಗರ ನಾಲ್ಕನೇ ಬ್ಲಾಕಲ್ಲಿ ಮಸಾಲೆ ದೋಸೆ. ನೀನು?"

"ನಿನ್ನ ಪ್ಲೇಟಿಂದ ಅರ್ಧ."

ಸ್ವಲ್ಪ ಹೊತ್ತಿಗೆ, "ತಲೆ ಭಾರ ಕಣೇ, ಎಣ್ಣೆ ಜಾಸ್ತಿ ಆಯ್ತೇನೋ," ಎಂದು ಮಲಗಿದಳು. ನನಗೂ ಹಣೆ ಸಿಡಿಯುತ್ತಿತ್ತು. ಹಿಪ್ಪಿಗಳು ಬೆಳಗಿನಿಂದ ಬಡಿಯುತ್ತಿದ್ದ ಡೋಲುಗಳಿಂದ ಇರಬೇಕು ಅಂದುಕೊಂಡು ನಾನೂ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದೆ. ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ಈಗ ನೆನೆದರೆ ಅದೇ ಹೆದರಿಕೆ.

ಆಗ ಹೊರಗೆ ಮುದುಕನ ಗದರು ದನಿ ಕೇಳಿತು. ಅವನ ಬಾಣಲೆ ಕಾಣಿಸುತ್ತಿರಲಿಲ್ಲ. ಬೇಳೆ ಬೆಂದಿದೆ, ಈರುಳ್ಳಿ ಹುರಿಯಬೇಕು, ಯಾರು ತಗೊಂಡದ್ದು ಎಂದು ಕೂಗುತ್ತಿದ್ದ. ಕೇಳದೆ ತಂದದ್ದಕ್ಕೆ ನನಗೆ ನಾಚಿಕೆಯಾಯಿತು. ಏಳಲು ಹೋದೆ; ಕಾಲು ನನ್ನದಾಗಿರಲಿಲ್ಲ. ಅಂಬೆಗಾಲಿಟ್ಟು ಜಿಪ್ಪಿನ ಹತ್ತಿರ ಹೋದೆ. ಅದರ ತುದಿ ಬೆರಳಿಗೆ ಸಿಕ್ಕಿ ಸಿಕ್ಕಿ ಜಾರಿತು. ಕೊನೆಗೆ ತಲೆ ಹೊರಹಾಕಿದಾಗ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು, ಅಲ್ಲೇ ವಾಂತಿಯಾಯಿತು.

"ಏಯ್, ಬಾಣಲೆ ಕೊಡ್ಬೇಕಂತೆ. ಏಳೇ," ಅಂದೆ.

ಅವಳು ಏಳಲಿಲ್ಲ. ಕೆನ್ನೆ ಕೆಂಪಗೆ, ಆಗಷ್ಟೇ ಮಿಂದು ಮಲಗಿದವಳ ಹಾಗೆ ಚೆನ್ನಾಗಿ ಕಾಣುತ್ತಿದ್ದಳು. ಕಾಲು ಹಿಡಿದು ಅಲುಗಿಸಿದೆ. ಇಡೀ ಮೈ ಒಟ್ಟಿಗೆ ಅಲುಗಿತು. ಆಗ ನನ್ನ ಬಾಯಿಂದ ಎಂಥ ಸದ್ದು ಬಂತೋ, ಮುದುಕ ಓಡಿಬಂದ. ಕೆಂಡ ನೋಡಿದವನೇ ಅವಳ ಎರಡೂ ಕಾಲು ಹಿಡಿದು ಮಳೆಗೆ ಎಳೆದ. ಎಣ್ಣೆ ಹಚ್ಚಿ ತೊಳೆದ ಆ ಕೂದಲು ಕೆಸರಿನಲ್ಲಿ ಉದ್ದಕ್ಕೂ ಎಳೆದುಕೊಂಡು ಹೋಯಿತು.

ಕೆಂಡದಿಂದ ಬರುವ ಆ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ನಾವಿಬ್ಬರೂ ಪರೀಕ್ಷೆಯಲ್ಲಿ ಬರೆದವರು.

ಆಂಬ್ಯುಲೆನ್ಸ್ ಕರೆಯಲು ಸಿಗ್ನಲ್ ಇಲ್ಲ. ವ್ಯಾನಿನ ಹೆಂಗಸು ಬರಿಗಾಲಲ್ಲೇ ಗಾಡಿ ಓಡಿಸಿದಳು. ಕಿಟಕಿಗಳೆಲ್ಲ ತೆರೆದಿದ್ದವು, ಮಳೆ ಒಳಗೆ ಬೀಳುತ್ತಿತ್ತು. ಗೆಳತಿಯ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಒಮ್ಮೆ ಬಂದರೆ ಇನ್ನೊಂದು ಬರುವತನಕ ನಾನೂ ಉಸಿರಾಡುತ್ತಿರಲಿಲ್ಲ. ರಸ್ತೆ ತಿರುವುಗಳಲ್ಲಿ ಅವಳ ಕೈ ಜಾರಿ ಕೆಳಗೆ ಬೀಳುತ್ತಿತ್ತು, ಎತ್ತಿ ಇಡುತ್ತಿದ್ದೆ.

ಆಸ್ಪತ್ರೆಯಲ್ಲಿ ಆಮ್ಲಜನಕದ ಮಾಸ್ಕ್ ಹಾಕಿದರು. ಎಚ್ಚರವಾಗಬಹುದು, ಆದರೆ ನೆನಪು, ಮಾತು ಎಲ್ಲ ಹೇಗಿರುತ್ತದೋ ಹೇಳಲಾಗದು ಎಂದರು ಡಾಕ್ಟರ್. ಅವಳ ಅಮ್ಮನಿಗೆ ಫೋನ್ ಮಾಡಲು ನಂಬರ್ ತೆಗೆದೆ, ಒತ್ತಲಿಲ್ಲ. ಏನಾಗಿದೆ ಎಂದು ಹೇಳಲಿ? ಅವಳು ಬದುಕಿದ್ದಾಳೆ, ಆದರೆ ಅವಳೇ ಇದ್ದಾಳೋ ಇಲ್ಲವೋ ಗೊತ್ತಿಲ್ಲ ಅನ್ನಲೇ?

ಮಾರನೆಯ ಬೆಳಿಗ್ಗೆ ಅವಳು ಕಣ್ಣು ಬಿಟ್ಟಳು. ನರ್ಸಿನತ್ತ ನೋಡಿದಳು, ಗೋಡೆ ನೋಡಿದಳು, ನನ್ನ ಮೇಲೆ ಕಣ್ಣು ಬಹಳ ಹೊತ್ತು ನಿಂತಿತು.

"ಯಾಕೇ ಒದ್ದೆ ಕೋಳಿ ಥರ ಕೂತಿದೀಯ?" ಅಂದಳು.

ನಾವು ತಡವಾಗಿ ಊರಿಗೆ ಬಂದೆವು. ಮನೆಗಳಲ್ಲಿ ಜ್ವರ ಎಂದಷ್ಟೇ ಹೇಳಿದೆವು. ಅವಳಿಗೆ ತೊಟ್ಟಿಗಿಳಿದದ್ದರ ಆಚೆ ಏನೂ ನೆನಪಿಲ್ಲ. ಸಂಜೆ ತ್ಯಾಗರಾಜನಗರದಲ್ಲಿ ವಾಕಿಂಗ್ ಹೋಗುವಾಗ, ಹೇಳೇ ಎಂದು ಪೀಡಿಸುತ್ತಾಳೆ. ನಾನು ಹೇಳುತ್ತೇನೆ. ಅವಳು ಎಲ್ಲರ ಮುಂದೆ ನಗುನಗುತ್ತಾ, ಏನು ಎತ್ತ ಎಂದು ಹೇಳದೆ, "ನನ್ನ ಉಳಿಸಿದ್ದು ಇವಳೇ," ಅನ್ನುತ್ತಾಳೆ. ಅದನ್ನು ಕೇಳಿದಾಗೆಲ್ಲ ಬೆನ್ನಿಗೆ ತಣ್ಣೀರು ಬಿದ್ದಂತಾಗುತ್ತದೆ.

ಮೊನ್ನೆ ತಡೆಯಲಾಗಲಿಲ್ಲ.

"ನಾನು ನಿನ್ನ ಉಳಿಸೋಕೆ ಎದ್ದಿದ್ದಲ್ಲ. ಬಾಣಲೆ ಕೊಡೋಕೆ ಎದ್ದಿದ್ದು," ಅಂದೆ. "ನಾನೂ ಕಣ್ಣು ಮುಚ್ಚಿದ್ದೆ ಕಣೇ. ಆ ತಾತನ ಹತ್ರ ಇನ್ನೊಂದು ಬಾಣಲೆ ಇದ್ದಿದ್ರೆ..."

ಅವಳು ನಿಂತಳು. ಅವಳ ಮನೆ ಬಂದಿತ್ತು. ಗೇಟಿನ ಹತ್ತಿರ ಅವಳ ಅಮ್ಮ, "ಒಳಗೆ ಬನ್ರೇ, ಕತ್ಲಾಯ್ತು," ಅಂದರು.

"ಇನ್ನೊಂದು ರೌಂಡ್ ಹೋಗ್ಬರ್ತೀವಮ್ಮ," ಅಂದಳು ಅವಳು. ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು.